ಕಾಳಿಯ ಕಲ್ಲು, ನನ್ನ ಮಣ್ಣು



ಮಣ್ಣಿನಲ್ಲಿ ಬರೀ ಪ್ರಾಣಿಗಳನ್ನೇ ಯಾಕೆ ಮಾಡುತ್ತೀರಿ ಎಂದು ಯಾರಾದರೂ ಕೇಳಿದರೆ, ಆತಕೂರಿನ ಕಲ್ಲು ನೋಡಿದ್ದೀರಾ ಎಂದು ನಾನು ತಿರುಗಿ ಕೇಳುತ್ತೇನೆ. ಮದ್ದೂರು ತಾಲ್ಲೂಕಿನ ಆ ಊರಿನಿಂದ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯಕ್ಕೆ ಬಂದಿರುವ ಕಲ್ಲು ಅದು. ಕಾಲ ಕ್ರಿ.ಶ. 949-50. ಅದು ಹೇಳುವ ಕಥೆ ಇದು: ತಕ್ಕೋಲದ ಕಾಳಗದಲ್ಲಿ ರಾಷ್ಟ್ರಕೂಟ ಮೂರನೆಯ ಕೃಷ್ಣನ ಪರವಾಗಿ ಗಂಗರ ಬೂತುಗ ಚೋಳ ರಾಜಾದಿತ್ಯನನ್ನು ಕೊಂದ. ಆ ಯುದ್ಧದಲ್ಲಿ ಮೆರೆದ ಮಣಲೆರನೆಂಬ ವೀರನಿಗೆ, ಏನು ಬೇಕೋ ಕೇಳು ಎಂದು ಅಪ್ಪಣೆಯಾಯಿತು. ಅವನು ಊರು ಕೇಳಲಿಲ್ಲ, ಹೊನ್ನು ಕೇಳಲಿಲ್ಲ; ಕಾಳಿ ಎಂಬ ಬೇಟೆನಾಯಿಯನ್ನು ಕೇಳಿದ. ಮುಂದೆ ಆ ನಾಯಿಯನ್ನು ಒಂದು ದೊಡ್ಡ ಹಂದಿಯ ಮೇಲೆ ಬಿಟ್ಟರು. ಎರಡೂ ಸತ್ತವು. ಮಣಲೆರ ಚಲ್ಲೇಶ್ವರ ಗುಡಿಯ ಮುಂದೆ ಕಲ್ಲು ನಿಲ್ಲಿಸಿ, ಭೂಮಿ ಬಿಟ್ಟು, ಆ ಕಲ್ಲಿಗೆ ಪೂಜೆ ಮಾಡದೆ ಪೂಜಾರಿ ಉಣ್ಣಬಾರದೆಂದು ಬರೆಸಿದ.

ಚಕ್ರವರ್ತಿಯ ಗೆಲುವು, ರಾಜಾದಿತ್ಯನ ಸಾವು ಎಲ್ಲ ಅದೇ ಕಲ್ಲಿನ ಅಕ್ಷರಗಳಲ್ಲಿವೆ. ಚಿತ್ರ ಮಾತ್ರ ನಾಯಿಯದು, ಹಂದಿಯದು. ಆ ನಾಯಿಯ ಮುಖದಲ್ಲಿ ಶಿಲ್ಪಿ ದುಃಖ ತುಂಬಲಿಲ್ಲ. ಅದು ಹಂದಿಯೊಡನೆ ಸೆಣಸುತ್ತಿದೆ, ಅದಕ್ಕೆ ಬೇರೆ ಯೋಚನೆ ಇಲ್ಲ. ದುಃಖ ಕಲ್ಲು ನಿಲ್ಲಿಸಿದವನದು. ಪ್ರಾಣಿಶಿಲ್ಪದಲ್ಲಿ ಭಾವನೆಯ ಲೆಕ್ಕ ಇಷ್ಟೇ ಎಂದು ನಾನು ತಿಳಿದಿದ್ದೇನೆ: ಪ್ರಾಣಿಗೆ ಅದರ ಕೆಲಸ ಬಿಡಬೇಕು, ಅಳುವುದು ನಮ್ಮ ಪಾಲಿಗಿರಲಿ. ಅಂಗಡಿಗಳಲ್ಲಿ ಸಿಗುವ, ಕಣ್ಣಲ್ಲಿ ನೀರು ತುಳುಕಿಸುವ ನಾಯಿಮರಿ ಬೊಂಬೆಗಳನ್ನು ಕಂಡರೆ ನನಗೆ ಆಗುವುದಿಲ್ಲ.

ನನ್ನ ಬಳಿ ಬರುವವರಲ್ಲಿ ಹೆಚ್ಚಿನವರು ಸಾಕಿದ ನಾಯಿ ಕಳೆದುಕೊಂಡವರು. ಮೊಬೈಲ್ ಮುಂದೆ ಹಿಡಿದು, “ನಗ್ತಾ ಇದೆ ನೋಡಿ ಸಾರ್, ಹಿಂಗೇ ಬರ್ಲಿ” ಅನ್ನುತ್ತಾರೆ. ಸೆಕೆಗೆ ಬಾಯಿ ತೆರೆದು ಏದುಸಿರು ಬಿಡುತ್ತಿರುವ ನಾಯಿ ಅದು. ನಾನು ವಾದಕ್ಕೆ ಇಳಿಯುವುದಿಲ್ಲ. ಹೇಗೆ ಕೂರುತ್ತಿತ್ತು, ಯಾವ ಮಗ್ಗುಲಿಗೆ ಮಲಗುತ್ತಿತ್ತು, ಗೇಟಿನ ಸದ್ದಾದರೆ ಮೊದಲು ಯಾವ ಕಿವಿ ಏಳುತ್ತಿತ್ತು ಎಂದು ಕೇಳುತ್ತೇನೆ. ಒಬ್ಬ ತಾಯಿ, ನಾಯಿಗೆ ವಯಸ್ಸಾದ ಮೇಲೆ ಎಡಗಾಲು ನೋಯುತ್ತಿತ್ತು, ಸೊಂಟ ಒಂದು ಕಡೆ ಜಾರಿಸಿ ಕೂರುತ್ತಿತ್ತು ಎಂದರು. ಹಾಗೇ ಮಾಡಿದೆ. ಭಾರವೆಲ್ಲ ಬಲ ತೊಡೆಗೆ ಇಳಿದು ಅಲ್ಲಿ ಮಣ್ಣು ಚಪ್ಪಟೆಯಾಗಿ ಹರಡಿತ್ತು. ಎಡ ಪಾದ ಪಕ್ಕಕ್ಕೆ ಚಾಚಿತ್ತು. ಅವರು ಮುಖ ನೋಡಲೇ ಇಲ್ಲ. ತೊಡೆಯ ಮೇಲೆ ಕೈಯಿಟ್ಟು, “ಹಿಂಗೇ ಕೂರ್ತಿದ್ದ ಕಳ್ಳ” ಎಂದರು.

ಮಣ್ಣಿನ ಕೆಲಸದಲ್ಲಿ ಕಾಲಿನದೇ ತಾಪತ್ರಯ. ಹೊಟ್ಟೆ ನಿಧಾನವಾಗಿ ಆರುತ್ತದೆ, ಕಾಲು ಬೇಗ ಒಣಗಿ ಬಿರಿಯುತ್ತದೆ. ಹಾಗಾಗಿ ಕಾಲಿಗೆ ಒದ್ದೆ ಬಟ್ಟೆ ಸುತ್ತಿಡಬೇಕು. ಮೈ ಅರ್ಧ ಆರಿದಾಗ ಸೀಳಿ, ಒಳಗಿನ ಮಣ್ಣು ತೋಡಿ ತೆಗೆದು, ತೆಳ್ಳಗೆ ಕಲಸಿದ ಮಣ್ಣು ಬಳಿದು ಮತ್ತೆ ಕೂಡಿಸಬೇಕು. ಆವಿ ಹೋಗಲು ಕಾಣದ ಕಡೆ ಒಂದು ತೂತು. ಇಷ್ಟು ದಿನ ಒಂದು ಮೈಯನ್ನು ಆರೈಕೆ ಮಾಡಿದವನಿಗೆ ಅದರ ಮೇಲೆ ಅಕ್ಕರೆ ಹುಟ್ಟದೆ ಇರುತ್ತದೆಯೇ?

ಹಂದಿಯ ಮಾತು ಬಾಕಿ ಇದೆ. ತುಳುನಾಡಿನವರು ಪಂಜುರ್ಲಿ ದೈವವೆಂದು ಕೈಮುಗಿಯುವುದೂ ಹಂದಿಗೇ. ಆತಕೂರಿನ ಶಿಲ್ಪಿಯೂ ಅದನ್ನು ಬಿಟ್ಟು ನಾಯಿಯೊಂದನ್ನೇ ಕಡೆಯಲಿಲ್ಲ. ಹಂದಿ ಇಲ್ಲದಿದ್ದರೆ ಕಾಳಿಯ ಶೌರ್ಯಕ್ಕೆ ಸಾಕ್ಷಿ ಯಾರು? ನಾನೀಗ ಆ ಜೋಡಿಯನ್ನು ಮಣ್ಣಿನಲ್ಲಿ ಮಾಡುತ್ತಿದ್ದೇನೆ. ಹಂದಿಗೆ ಕುತ್ತಿಗೆ ಇದೆಯೋ ಇಲ್ಲವೋ ಎನ್ನುವಂತೆ ಹೆಗಲಿನಿಂದಲೇ ತಲೆ ಶುರುವಾಗುತ್ತದೆ. ಆ ಉಬ್ಬು ಸರಿಯಾಗಿ ಬಂದರೆ ಅರ್ಧ ಹಂದಿ ಬಂದಂತೆ. ನಾಯಿಯನ್ನೇನೋ ಕೊಳ್ಳುತ್ತಾರೆ, ಹಂದಿಯನ್ನು ಯಾರು ಮನೆಯೊಳಗೆ ಇಟ್ಟುಕೊಳ್ಳುತ್ತಾರೆ ಎಂದು ನಮ್ಮ ಮನೆಯಲ್ಲಿ ಕೇಳುತ್ತಿದ್ದಾರೆ. ಬಿಡಿಯಾಗಿ ಕೊಡುವುದಿಲ್ಲ ಎಂದಿದ್ದೇನೆ.