ಮನೆಯಲ್ಲೇ ಕೂತು ಎಂಬಿಎ: ಸೇರುವ ಮುನ್ನ ನಾಲ್ಕು ಮಾತು

(ಸಂಘದ ಬೆಳ್ಳಿಹಬ್ಬದ ಅಂಗವಾಗಿ ನಡೆದ ಸದಸ್ಯರ ಹಾಗೂ ಯುವಜನರ ಸಭೆಯಲ್ಲಿ ಸಂಘದ ನಿರ್ದೇಶಕರೊಬ್ಬರು ಮಾಡಿದ ಭಾಷಣದ ಬರಹ ರೂಪ)



ನನಗೆ ಕೊಟ್ಟಿರುವ ವಿಷಯ, ಕಡಿಮೆ ಖರ್ಚಿನಲ್ಲಿ, ಮಾನ್ಯತೆ ಇರುವ ಆನ್‌ಲೈನ್ ಎಂಬಿಎ ಆರಿಸಿಕೊಳ್ಳುವುದು ಹೇಗೆ ಎಂಬುದು. ಎಸ್.ಎಸ್.ಎಲ್.ಸಿ. ಓದಿದವನು ಎಂಬಿಎ ಬಗ್ಗೆ ಏನು ಹೇಳ್ತಾನೆ ಅಂತ ಕೆಲವರಿಗೆ ಅನ್ನಿಸಬಹುದು. ನ್ಯಾಯವೇ. ಆದರೆ ಎಂಬಿಎ ಓದುವವರು ಮಕ್ಕಳಾದರೂ ಫೀ ಕಟ್ಟುವವರು ನನ್ನಂಥ ಎಸ್.ಎಸ್.ಎಲ್.ಸಿ. ಅಪ್ಪಂದಿರೇ. ಇತ್ತೀಚಿನ ವರ್ಷಗಳಲ್ಲಿ ಸಂಘದ ಸಾಲದ ಅರ್ಜಿಗಳಲ್ಲಿ ಬೇಲಿಗೆ, ಬೋರಿಗೆ, ಔಷಧಿ ಹೊಡೆಯೋದಕ್ಕೆ ಎಂಬ ಕಾರಣಗಳ ಜೊತೆಗೆ "ಮಗಳ ಆನ್‌ಲೈನ್ ಕೋರ್ಸಿಗೆ" ಎಂಬ ಕಾರಣವೂ ಕಾಣತೊಡಗಿದೆ. ಹಾಗಾಗಿ ಇದು ಸಂಘದ ವಿಷಯವೂ ಹೌದು.

ನಮ್ಮ ಮೂರು ತಾಲ್ಲೂಕಿನ ಪರಿಸ್ಥಿತಿ ತಮಗೆ ಗೊತ್ತೇ ಇದೆ. ಪದವಿವರೆಗೆ ಓದಲು ಕೊಪ್ಪ, ಶೃಂಗೇರಿ, ಎನ್.ಆರ್.ಪುರದಲ್ಲೇ ಕಾಲೇಜುಗಳಿವೆ. ಅದರಾಚೆ ಓದಬೇಕೆಂದರೆ ಶಿವಮೊಗ್ಗ, ಮಂಗಳೂರು, ಬೆಂಗಳೂರು ಅಂತ ಹೊರಡಬೇಕು. ಇತ್ತ ತೋಟಕ್ಕೆ ಹಳದಿ ಎಲೆ ರೋಗ ಬಂದು ಎಷ್ಟೋ ವರ್ಷವಾಯಿತು, ಅದರ ಮೇಲೆ ಎಲೆಚುಕ್ಕಿ ರೋಗ. ಕೊನೆ ತೆಗೆಯೋರು ಸಿಗೋದಿಲ್ಲ, ಔಷಧಿ ಹೊಡೆಯೋರು ಸಿಗೋದಿಲ್ಲ. ಇರುವ ಒಬ್ಬ ಮಗನೂ ಊರು ಬಿಟ್ಟರೆ ಮನೆಯಲ್ಲಿ ಉಳಿಯೋದು ಇಬ್ಬರು ಮುದುಕರು, ಒಂದು ನಾಯಿ. ಬಿ.ಕಾಂ. ಮುಗಿಸಿ ನಮ್ಮ ಮನೆಗಳಿಗೆ ಬಂದಿರುವ ಸೊಸೆಯಂದಿರೂ ಬಹಳ ಮಂದಿ ಇದ್ದಾರೆ. ಮುಂದೆ ಓದುವ ಆಸೆ ಇದ್ದರೂ ಮನೆ ಬಿಟ್ಟು ಹೋಗುವ ಹಾಗಿಲ್ಲ. ಇಂಥವರಿಗೆ ಮನೆಯಲ್ಲೇ ಕೂತು ಓದುವ ಎಂಬಿಎ ನಿಜವಾಗಿಯೂ ವರವೇ. ಅದನ್ನು ನಾನು ಅಲ್ಲಗಳೆಯೋದಿಲ್ಲ. ಆದರೆ ಬೆಳ್ಳಗಿರೋದೆಲ್ಲ ಹಾಲಲ್ಲ ಅನ್ನುವ ಗಾದೆ ಇಲ್ಲೂ ಸಲ್ಲುತ್ತೆ.

ಮೊದಲು ನಮ್ಮ ರಾಜ್ಯದಲ್ಲೇ ನಡೆದ ಒಂದು ಸಂಗತಿ ನೆನಪು ಮಾಡ್ತೇನೆ. ಮೈಸೂರು ವಿಶ್ವವಿದ್ಯಾಲಯ 1969ರಲ್ಲಿ ಅಂಚೆ ಮೂಲಕ ಪಾಠ ಹೇಳುವ ವ್ಯವಸ್ಥೆ ಆರಂಭಿಸಿತು. ಅದೇ ಬೆಳೆದು 1996ರಲ್ಲಿ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾಲಯವಾಯಿತು. ಕಾಲೇಜಿನ ಮೆಟ್ಟಿಲು ಹತ್ತಲಾಗದ ಎಷ್ಟೋ ಶಿಕ್ಷಕರು, ಗುಮಾಸ್ತರು, ಗೃಹಿಣಿಯರು ಅಲ್ಲಿಂದ ಪದವಿ ಪಡೆದು ಮೇಲೆ ಬಂದರು. ಸರ್ಕಾರದ್ದೇ ವಿಶ್ವವಿದ್ಯಾಲಯ. ಅನುಮಾನಪಡುವ ಮಾತೇ ಇರಲಿಲ್ಲ. ಆದರೆ ಹೊರಗಿನ ಖಾಸಗಿ ಸಂಸ್ಥೆಗಳ ಜೊತೆ ಒಪ್ಪಂದ ಮಾಡಿಕೊಂಡು ರಾಜ್ಯದ ಗಡಿಯಾಚೆಗೂ ಕೋರ್ಸು ನಡೆಸಿದ್ದು ನಿಯಮಕ್ಕೆ ವಿರುದ್ಧ ಅಂತ ಯುಜಿಸಿ, ಅಂದರೆ ವಿಶ್ವವಿದ್ಯಾಲಯ ಧನಸಹಾಯ ಆಯೋಗ, ಆಕ್ಷೇಪ ತೆಗೆಯಿತು. 2012-13ರ ನಂತರದ ಕೋರ್ಸುಗಳಿಗೆ ಮಾನ್ಯತೆ ಇಲ್ಲ ಅಂತ 2015ರಲ್ಲಿ ಪ್ರಕಟಣೆಯನ್ನೇ ಹೊರಡಿಸಿತು. ಅಷ್ಟರಲ್ಲಿ 2013-14, 2014-15ರಲ್ಲಿ ಸಾವಿರಾರು ಮಕ್ಕಳು ಫೀ ಕಟ್ಟಿ ಸೇರಿಯಾಗಿತ್ತು. ಅವರೆಲ್ಲ ವರ್ಷಗಟ್ಟಲೆ ಗೊಂದಲದಲ್ಲಿ ಸಿಕ್ಕಿಕೊಂಡರು. ವಿಶ್ವವಿದ್ಯಾಲಯಕ್ಕೆ ಮತ್ತೆ ಮಾನ್ಯತೆ ಬಂದದ್ದು 2018ರಲ್ಲಿ. ಈಗ ಅದು ಸರಿದಾರಿಗೆ ಬಂದಿದೆ, 2023ರಲ್ಲಿ ನ್ಯಾಕ್‌ನಿಂದ ಎ ಪ್ಲಸ್ ಶ್ರೇಣಿಯನ್ನೂ ಪಡೆದಿದೆ. ಆದರೆ ನಡುವಿನ ವರ್ಷಗಳಲ್ಲಿ ಸೇರಿದವರ ವಯಸ್ಸನ್ನು ಹಿಂದಕ್ಕೆ ಕೊಡೋರು ಯಾರು?

ಇದರಿಂದ ಕಲಿಯಬೇಕಾದ ಪಾಠ ಒಂದೇ. ಮಾನ್ಯತೆ ಎನ್ನುವುದು ಒಂದು ಸಲ ಬಂದರೆ ಶಾಶ್ವತ ಅಲ್ಲ. ನಮ್ಮ ಸಂಘದ ಆಡಿಟ್ ನೋಡಿ. ಪ್ರತಿ ವರ್ಷ ಲೆಕ್ಕ ಪರಿಶೋಧನೆ ಆಗುತ್ತೆ, ಎ, ಬಿ, ಸಿ, ಡಿ ಅಂತ ವರ್ಗ ಕೊಡ್ತಾರೆ. ಹೋದ ವರ್ಷ ಎ ವರ್ಗ ಬಂದಿತ್ತು ಅಂತ ಈ ವರ್ಷ ಕಾಲು ಚಾಚಿ ಕೂರಲಿಕ್ಕೆ ಆಗುತ್ತಾ? ಹಾಗೆಯೇ ವಿಶ್ವವಿದ್ಯಾಲಯದ ಹೆಸರು ದೊಡ್ಡದು ಅಂದರೆ ಸಾಲದು. ಆ ವಿಶ್ವವಿದ್ಯಾಲಯಕ್ಕೆ, ಆ ಕೋರ್ಸಿಗೆ, ಆ ವಿಧಾನಕ್ಕೆ, ನಾವು ಸೇರುವ ಆ ವರ್ಷಕ್ಕೆ ಅನುಮತಿ ಇದೆಯಾ ಎಂಬುದೇ ಪ್ರಶ್ನೆ. ಈ ನಾಲ್ಕರಲ್ಲಿ ಒಂದು ತಪ್ಪಿದರೂ ಕಾಗದಕ್ಕೆ ಬೆಲೆ ಇಲ್ಲ.

ಇದನ್ನು ನೋಡೋದು ಎಲ್ಲಿ? ಯುಜಿಸಿಯಲ್ಲಿ ದೂರಶಿಕ್ಷಣ ಬ್ಯೂರೋ ಅಂತ ಒಂದು ವಿಭಾಗ ಇದೆ, ಡಿಇಬಿ ಅಂತಾರೆ. ಅದರ ವೆಬ್‌ಸೈಟಿನಲ್ಲಿ, ಡಿಇಬಿ ಡಾಟ್ ಯುಜಿಸಿ ಡಾಟ್ ಎಸಿ ಡಾಟ್ ಇನ್ ಅಂತ ಬರೆದುಕೊಳ್ಳಿ, ಯಾವ ವಿಶ್ವವಿದ್ಯಾಲಯ ಯಾವ ಕೋರ್ಸನ್ನು ದೂರಶಿಕ್ಷಣದಲ್ಲಿ ನಡೆಸಬಹುದು, ಯಾವುದನ್ನು ಆನ್‌ಲೈನ್‌ನಲ್ಲಿ ನಡೆಸಬಹುದು ಎಂಬ ಪಟ್ಟಿ ಇದೆ. ದೂರಶಿಕ್ಷಣ ಬೇರೆ, ಆನ್‌ಲೈನ್ ಬೇರೆ. ಒಂದಕ್ಕೆ ಅನುಮತಿ ಇದ್ದ ಮಾತ್ರಕ್ಕೆ ಇನ್ನೊಂದಕ್ಕೆ ಇದೆ ಅಂತ ತಿಳಿಯಬಾರದು. 2020ರಲ್ಲಿ ಬಂದ ನಿಯಮದ ಪ್ರಕಾರ ಎಲ್ಲ ವಿಶ್ವವಿದ್ಯಾಲಯಗಳೂ ಆನ್‌ಲೈನ್ ಪದವಿ ನಡೆಸುವ ಹಾಗಿಲ್ಲ. ನ್ಯಾಕ್‌ನಲ್ಲಿ ಒಳ್ಳೆ ಅಂಕವೋ, ಕೇಂದ್ರ ಸರ್ಕಾರದ ರ್‍ಯಾಂಕ್ ಪಟ್ಟಿಯಲ್ಲಿ ಮೇಲಿನ ಸ್ಥಾನವೋ ಇರಬೇಕು. ಹೀಗೆ ಸರಿಯಾದ ಅನುಮತಿ ಇದ್ದು ಪಡೆದ ಆನ್‌ಲೈನ್ ಪದವಿ ಕಾಲೇಜಿಗೆ ಹೋಗಿ ಪಡೆದ ಪದವಿಗೆ ಸಮಾನ ಅಂತ ಯುಜಿಸಿ 2022ರಲ್ಲಿ ಸ್ಪಷ್ಟಪಡಿಸಿದೆ. ಆದ್ದರಿಂದ ಆನ್‌ಲೈನ್ ಅಂದ ಕೂಡಲೇ ಮೂಗು ಮುರಿಯೋದೂ ಬೇಡ.

ಇನ್ನು ಕೆಲವು ಎಚ್ಚರಿಕೆಗಳು.

ಒಂದನೆಯದು, ಹೆಸರು ನೋಡಿ ಮೋಸಹೋಗಬೇಡಿ. ಪದವಿ ಬೇರೆ, ಸರ್ಟಿಫಿಕೇಟ್ ಬೇರೆ. "ಎಂಬಿಎಗೆ ಸಮಾನ", "ಎಕ್ಸಿಕ್ಯುಟಿವ್ ಪ್ರೋಗ್ರಾಂ" ಅಂತೆಲ್ಲ ಇರುತ್ತೆ. ದೊಡ್ಡ ಸಂಸ್ಥೆಗಳೂ ಇಂಥ ಸರ್ಟಿಫಿಕೇಟ್ ಕೋರ್ಸು ನಡೆಸ್ತವೆ. ಕಲಿಕೆಗೆ ಚೆನ್ನಾಗಿರಬಹುದು, ಆದರೆ ಪದವಿ ಕೇಳುವ ನೌಕರಿಗೆ ಅದು ಆಗೋದಿಲ್ಲ. ಆರು ತಿಂಗಳಲ್ಲಿ ಎಂಬಿಎ ಕೊಡ್ತೇವೆ ಅಂದರೆ ಅಲ್ಲಿಂದಲೇ ಕೈಮುಗಿದು ಎದ್ದು ಬನ್ನಿ.

ಎರಡನೆಯದು, ವಿದೇಶಿ ವಿಶ್ವವಿದ್ಯಾಲಯದ ಪದವಿ ಮನೆಗೇ ಬರುತ್ತೆ ಎನ್ನುವವರು. ಯುಜಿಸಿಯ ಒಪ್ಪಿಗೆ ಇಲ್ಲದ ವಿದೇಶಿ ಸಂಸ್ಥೆಗಳ ಜೊತೆ ಸೇರಿ ಕೆಲವು ಕಂಪನಿಗಳು ಆನ್‌ಲೈನ್ ಪದವಿ ಮಾರುತ್ತಿವೆ, ಅವಕ್ಕೆ ಮಾನ್ಯತೆ ಇಲ್ಲ ಅಂತ 2023ರ ಡಿಸೆಂಬರಿನಲ್ಲಿ ಯುಜಿಸಿಯೇ ಎಚ್ಚರಿಸಿದೆ.

ಮೂರನೆಯದು, ಪ್ರವೇಶ ಮಾಡಿಸುವ ಏಜೆಂಟರು. ಮೊಬೈಲಿನಲ್ಲಿ ಒಂದು ಜಾಹೀರಾತು ಒತ್ತಿ ನಂಬರ್ ಕೊಟ್ಟರೆ ಮುಗೀತು, ದಿನಕ್ಕೆ ಹತ್ತು ಫೋನು. "ಇವತ್ತು ರಾತ್ರಿ ಹನ್ನೆರಡಕ್ಕೆ ಡಿಸ್ಕೌಂಟ್ ಮುಗಿಯುತ್ತೆ ಸಾರ್" ಅಂತಾರೆ. ವ್ಯಾಪಾರಿ ಅಂಗಳಕ್ಕೆ ಬಂದು "ಅಡಿಕೆ ಈಗಲೇ ಕೊಡಿ, ನಾಳೆ ಧಾರಣೆ ಬಿದ್ದುಹೋಗುತ್ತೆ" ಅಂದರೆ ನಾವೇನು ಮಾಡ್ತೇವೆ? ಮಂಡಿಗೆ ಫೋನ್ ಮಾಡಿ ಧಾರಣೆ ಕೇಳ್ತೇವೆ. ಇಲ್ಲಿಯೂ ಹಾಗೇ, ವಿಶ್ವವಿದ್ಯಾಲಯಕ್ಕೇ ನೇರ ಫೋನ್ ಮಾಡಿ. ಫೀ ಹಣ ವಿಶ್ವವಿದ್ಯಾಲಯದ ಖಾತೆಗೇ ಹೋಗಬೇಕು, ರಸೀದಿ ಅವರದ್ದೇ ಬರಬೇಕು. 2024ರಿಂದ ದೂರಶಿಕ್ಷಣ ಮತ್ತು ಆನ್‌ಲೈನ್ ಕೋರ್ಸಿಗೆ ಸೇರುವವರು ಡಿಇಬಿ ಐಡಿ ಎಂಬ ಗುರುತಿನ ಸಂಖ್ಯೆ ಮಾಡಿಕೊಳ್ಳಬೇಕು. ಅದನ್ನು ಮಕ್ಕಳೇ ಮಾಡಿಕೊಳ್ಳಲಿ. ಯಾರಿಗೂ ಒಟಿಪಿ ಹೇಳಬೇಡಿ.

ನಾಲ್ಕನೆಯದು ಬಹಳ ಮುಖ್ಯ, ಕಂತಿನ ವಿಚಾರ. ನಮ್ಮ ಕಡೆಯ ಒಬ್ಬ ಹುಡುಗ, ಹೆಸರು ಬೇಡ, ತಿಂಗಳ ಕಂತಿನಲ್ಲಿ ಫೀ ಕಟ್ಟಬಹುದು ಅಂದದ್ದನ್ನು ಕೇಳಿ ಸೇರಿದ. ಮೊಬೈಲಿನಲ್ಲಿ ನಾಲ್ಕು ಕಡೆ ಒಪ್ಪಿಗೆ ಒತ್ತಿದ. ಅಪ್ಪನ ಸಹಿಯನ್ನೂ ತೆಗೆದುಕೊಂಡರು. ಪಾಠ ಹಿಡಿಸದೆ ಮೂರು ತಿಂಗಳಿಗೆ ಬಿಟ್ಟ. ಕಂತು ಮಾತ್ರ ನಿಲ್ಲಲಿಲ್ಲ, ಖಾತೆಯಿಂದ ತಾನಾಗಿಯೇ ಹೋಗ್ತಾ ಇತ್ತು. ವಿಚಾರಿಸಿದರೆ ಅದು ಕಾಲೇಜಿನ ಕಂತು ಅಲ್ಲ, ಒಂದು ಫೈನಾನ್ಸ್ ಕಂಪನಿಯ ಸಾಲ. ಖಾತೆಯಲ್ಲಿ ಹಣ ಇಲ್ಲದೆ ಎರಡು ಕಂತು ತಪ್ಪಿತು. ಮುಂದೆ ಅಪ್ಪ ಬ್ಯಾಂಕಿಗೆ ಸಾಲ ಕೇಳಲು ಹೋದಾಗ ಸಿಬಿಲ್‌ನಲ್ಲಿ ಸುಸ್ತಿದಾರ ಅಂತ ಬಂತು. ಒಂದು ದಿನವೂ ಸಂಘದ ಕಂತು ತಪ್ಪಿಸದ ಮನುಷ್ಯ, ಅವರ ಮುಖ ನೋಡಲಿಕ್ಕೆ ಆಗ್ತಾ ಇರಲಿಲ್ಲ. ಓದದೆ ಸಾಲದ ಕಾಗದಕ್ಕೆ ಒಪ್ಪಿಗೆ ಕೊಡಬೇಡಿ, ಖಾತೆಯಿಂದ ತಾನಾಗಿ ಹಣ ಕಡಿತವಾಗುವ ವ್ಯವಸ್ಥೆ ಒಪ್ಪಬೇಡಿ ಅಂತ ಕೇಂದ್ರ ಶಿಕ್ಷಣ ಇಲಾಖೆ 2021ರ ಡಿಸೆಂಬರಿನಲ್ಲೇ ತಿಳಿಸಿತ್ತು. ಅದು ನಮ್ಮ ಊರುಗಳಿಗೆ ಮುಟ್ಟಲೇ ಇಲ್ಲ.

ಈಗ ಖರ್ಚಿನ ಲೆಕ್ಕ. ಇಂದಿರಾ ಗಾಂಧಿ ರಾಷ್ಟ್ರೀಯ ಮುಕ್ತ ವಿಶ್ವವಿದ್ಯಾಲಯ, ಇಗ್ನೋ ಅಂತ ಕರೀತಾರೆ, 1985ರಲ್ಲಿ ಶುರುವಾದದ್ದು. 2021ರಲ್ಲಿ ನ್ಯಾಕ್‌ನಿಂದ ಎ ಡಬಲ್ ಪ್ಲಸ್ ಪಡೆದಿತ್ತು. ಅಲ್ಲಿನ ಎಂಬಿಎ ಎರಡು ವರ್ಷಕ್ಕೂ ಸೇರಿ ಒಂದು ಲಕ್ಷದ ಒಳಗೇ ಮುಗಿಯುತ್ತೆ. ನಮ್ಮ ಮುಕ್ತ ವಿಶ್ವವಿದ್ಯಾಲಯದಲ್ಲೂ ಎಂಬಿಎ ಇದೆ, ಶಿವಮೊಗ್ಗದಲ್ಲಿ ಅದರ ಪ್ರಾದೇಶಿಕ ಕೇಂದ್ರವೂ ಇದೆ. ಖಾಸಗಿ ವಿಶ್ವವಿದ್ಯಾಲಯಗಳ ಆನ್‌ಲೈನ್ ಎಂಬಿಎ ಒಂದೂವರೆ ಲಕ್ಷದಿಂದ ಮೂರು ಲಕ್ಷದವರೆಗೂ ಹೋಗುತ್ತೆ. ಕ್ವಿಂಟಾಲ್ ರಾಶಿ ಅಡಿಕೆಗೆ 50 ಸಾವಿರ ಅಂತ ಹಿಡಿದರೆ ಮೂರು ಲಕ್ಷ ಅಂದರೆ ಆರು ಕ್ವಿಂಟಾಲ್. ರೋಗ ಬಂದ ತೋಟದಲ್ಲಿ ಆರು ಕ್ವಿಂಟಾಲ್ ಒಣ ಅಡಿಕೆ ಆಗಬೇಕಾದರೆ ಎಷ್ಟು ಬೆವರು ಸುರಿಯಬೇಕು ಅಂತ ನಾನು ಹೇಳಬೇಕಾಗಿಲ್ಲ. ಸೆಮಿಸ್ಟರ್ ಫೀ ಒಂದನ್ನೇ ನೋಡಬೇಡಿ. ಪರೀಕ್ಷಾ ಶುಲ್ಕ, ಫೇಲಾದರೆ ಮರುಪರೀಕ್ಷೆ ಶುಲ್ಕ, ಪುಸ್ತಕ, ಪದವಿ ಪ್ರಮಾಣಪತ್ರದ ಶುಲ್ಕ, ಎಲ್ಲಾ ಕೂಡಿ ಎಷ್ಟು, ಮಧ್ಯದಲ್ಲಿ ಬಿಟ್ಟರೆ ಎಷ್ಟು ವಾಪಸ್, ಇಷ್ಟನ್ನೂ ಬರವಣಿಗೆಯಲ್ಲಿ ಕೇಳಿ. ಬಾಯಿಮಾತಿಗೆ ಲೆಕ್ಕ ಇಲ್ಲ.

ಅಗ್ಗ ಅಂದ ಮಾತ್ರಕ್ಕೆ ಸುಲಭ ಅಂತಲೂ ಅಲ್ಲ. ಮುಕ್ತ ವಿಶ್ವವಿದ್ಯಾಲಯದಲ್ಲಿ ಪುಸ್ತಕ ತಾನೇ ಓದಬೇಕು, ಅಸೈನ್‌ಮೆಂಟ್ ತಾನೇ ಬರೆಯಬೇಕು, ಬೆನ್ನು ಹತ್ತಿ ಓದಿಸೋರು ಯಾರೂ ಇರೋದಿಲ್ಲ. ಸ್ವಂತ ಶಿಸ್ತು ಇರುವವರಿಗೆ ಅದು ಸಾಕು. ಆಗೋದಿಲ್ಲ ಎನ್ನುವವರು ಮೊದಲು ಕೇಂದ್ರ ಸರ್ಕಾರದ ಸ್ವಯಂ ಎಂಬ ತಾಣದಲ್ಲಿ ಒಂದು ಮ್ಯಾನೇಜ್‌ಮೆಂಟ್ ವಿಷಯಕ್ಕೆ ಸೇರಿ ನೋಡಲಿ. 2017ರಿಂದ ಇದೆ, ಪಾಠ ಕೇಳೋದಕ್ಕೆ ಹಣ ಇಲ್ಲ, ಪರೀಕ್ಷೆ ಬರೆದರೆ ಮಾತ್ರ ಶುಲ್ಕ. ಆ ಒಂದು ವಿಷಯ ಕೊನೆ ತನಕ ಓದಿ ಮುಗಿಸಿದ ಮಗ ಎಂಬಿಎ ಮುಗಿಸಿಯಾನು.

ನೆಟ್‌ವರ್ಕ್ ಬಗ್ಗೆಯೂ ಒಂದು ಮಾತು. 2020ರಲ್ಲಿ ಕೊರೊನಾ ಬಂದಾಗ ನಮ್ಮ ಮಲೆನಾಡಿನ ಮಕ್ಕಳು ಸಿಗ್ನಲ್ ಹುಡುಕಿಕೊಂಡು ಗುಡ್ಡ ಹತ್ತಿ, ಮಳೆಯಲ್ಲಿ ಕೊಡೆ ಹಿಡಿದು ಪಾಠ ಕೇಳಿದ್ದನ್ನು ನಾಡೇ ನೋಡಿದೆ. ಆಷಾಢದ ಮಳೆಗೆ ಕರೆಂಟು ಹೋದರೆ ಮೂರು ದಿನ ಬರದ ಊರುಗಳು ಈಗಲೂ ಇವೆ. ಹಾಗಾಗಿ ಪಾಠವನ್ನು ಇಳಿಸಿಟ್ಟುಕೊಂಡು ಆಮೇಲೆ ನೋಡಬಹುದಾ, ಪರೀಕ್ಷೆ ಮನೆಯಲ್ಲೋ ಕೇಂದ್ರದಲ್ಲೋ, ಕೇಂದ್ರ ಎಲ್ಲಿ, ಪರೀಕ್ಷೆ ಮಧ್ಯೆ ನೆಟ್ ಹೋದರೆ ಏನು ಗತಿ, ಇದನ್ನೆಲ್ಲ ಸೇರುವ ಮುಂಚೆಯೇ ಕೇಳಿಕೊಳ್ಳಬೇಕು.

ಕೊನೆಯದಾಗಿ, ಎಂಬಿಎ ಯಾರಿಗೆ ಬೇಕು? ಪದವಿ ಬಂದ ಕೂಡಲೇ ಕೆಲಸ ಮನೆ ಬಾಗಿಲಿಗೆ ಬರೋದಿಲ್ಲ. ಈಗಾಗಲೇ ಕೆಲಸದಲ್ಲಿದ್ದು ಬಡ್ತಿ ಬೇಕಾದವರಿಗೆ, ತೋಟ, ಅಂಗಡಿ, ಹೋಂ ಸ್ಟೇ ನಡೆಸುತ್ತಾ ಲೆಕ್ಕಾಚಾರ, ಮಾರುಕಟ್ಟೆ ಕಲಿಯಬೇಕೆನ್ನುವವರಿಗೆ ಆನ್‌ಲೈನ್ ಎಂಬಿಎ ಒಪ್ಪುತ್ತೆ. ಸಂಘ ಸಂಸ್ಥೆಗಳಲ್ಲಿ ಕೆಲಸ ಮಾಡುವ ಆಸೆ ಇರುವವರು ಮೊದಲು ರಾಜ್ಯ ಸಹಕಾರ ಮಹಾಮಂಡಳದ ಡಿಸಿಎಂ ಡಿಪ್ಲೊಮಾ ವಿಚಾರಿಸಲಿ, ಖರ್ಚೂ ಕಡಿಮೆ, ನಮ್ಮ ಕೆಲಸಕ್ಕೆ ನೇರ ಉಪಯೋಗ. ಗುಜರಾತಿನ ಆನಂದದಲ್ಲಿ ಸಹಕಾರ ಕ್ಷೇತ್ರಕ್ಕೆಂದೇ ತ್ರಿಭುವನ್ ಸಹಕಾರಿ ವಿಶ್ವವಿದ್ಯಾಲಯ 2025ರಲ್ಲಿ ಸ್ಥಾಪನೆಯಾಗಿದೆ, ಅದರ ಕೋರ್ಸುಗಳ ಮೇಲೂ ಕಣ್ಣಿಟ್ಟಿರಿ.

ಓದಿದ ಮಕ್ಕಳು ಇಲ್ಲಿಗೆ ಬೇಡ ಅಂತ ಯಾರೂ ತಿಳಿಯಬಾರದು. 1939ರಲ್ಲಿ ಮ್ಯಾಮ್ಕೋಸ್, 1973ರಲ್ಲಿ ಕ್ಯಾಂಪ್ಕೋ ಹುಟ್ಟಿದ್ದು ಬೆಳೆಗಾರರು ತಮ್ಮ ಮಾಲಿನ ವ್ಯವಹಾರವನ್ನು ತಾವೇ ನೋಡಿಕೊಳ್ಳಬೇಕೆಂದು. ಬೆಳೆಯೋದು ನಮಗೆ ಗೊತ್ತು. ಮಾರೋದನ್ನು, ಲೆಕ್ಕ ಇಡೋದನ್ನು, ನಾಲ್ಕು ಜನರನ್ನು ಕೂಡಿಸಿ ಕೆಲಸ ತೆಗೆಯೋದನ್ನು ಕಲಿತವರು ಈ ಮೂರು ತಾಲ್ಲೂಕಿಗೆ ಇನ್ನೂ ಬೇಕು.

ಆಡಳಿತ ಮಂಡಳಿಯ ಮುಂದೆ ನನ್ನದೊಂದು ಸಲಹೆ ಇಡ್ತೇನೆ. ಮಕ್ಕಳನ್ನು ಇಂಥ ಕೋರ್ಸಿಗೆ ಸೇರಿಸುವ ಮುಂಚೆ ಸದಸ್ಯರು ಆ ಕಾಗದ ಹಿಡಿದುಕೊಂಡು ಸಂಘದ ಕಚೇರಿಗೆ ಬರಲಿ. ನಮ್ಮಲ್ಲಿ ಕಂಪ್ಯೂಟರ್ ಇದೆ, ಬಲ್ಲ ಹುಡುಗರಿದ್ದಾರೆ. ಯುಜಿಸಿ ಪಟ್ಟಿಯ ಪ್ರತಿ, ಒಟ್ಟು ಖರ್ಚಿನ ಪತ್ರ, ಸಾಲವಿದ್ದರೆ ಅದರ ಕರಾರು, ಈ ಮೂರನ್ನೂ ನೋಡಿ ಹೇಳಲು ಅರ್ಧ ಗಂಟೆ ಸಾಕು. ಗೊಬ್ಬರದ ಚೀಲ ಕೊಳ್ಳುವಾಗ ಚೀಟಿ ಓದಿ ಕೊಳ್ಳುವ ನಾವು, ಮಕ್ಕಳ ಎರಡು ವರ್ಷವನ್ನು ಚೀಟಿ ಓದದೆ ಕೊಡಬಾರದು.