ಕ್ಯಾಮೆರಾದ ನೆತ್ತಿಯ ಮೇಲೊಂದು ಕಿಂಡಿ

(ಛಾಯಾಗ್ರಹಣ ಆಸಕ್ತರ ಕೂಟವೊಂದರಲ್ಲಿ ನಮ್ಮ ವರದಿಗಾರರು ಆಡಿದ ಮಾತುಗಳ ಬರಹ ರೂಪ)



ಫೋಟೊ ತೆಗೆಯುವ ಮನುಷ್ಯನನ್ನು ಒಮ್ಮೆ ಕಣ್ಣ ಮುಂದೆ ತಂದುಕೊಳ್ಳಿ. ಐವತ್ತು ದಾಟಿದವರಿಗೆ ಒಂದು ಕಣ್ಣು ಮುಚ್ಚಿ, ಇನ್ನೊಂದಕ್ಕೆ ಕ್ಯಾಮೆರಾ ಒತ್ತಿಕೊಂಡು ನಿಂತವನು ಕಾಣುತ್ತಾನೆ. ಇನ್ನೂ ಹಿರಿಯರಿಗೆ ಕಪ್ಪು ಬಟ್ಟೆಯೊಳಗೆ ತಲೆ ತೂರಿಸಿದ ಸ್ಟುಡಿಯೊ ಮಾಲೀಕ. ಹದಿನೈದರ ಹುಡುಗನಿಗಾದರೆ, ಎರಡೂ ಕೈ ಮುಂದೆ ಚಾಚಿ ಆರತಿ ಎತ್ತುವವನಂತೆ ಫೋನು ಹಿಡಿದವನು. ಕ್ಯಾಮೆರಾದ ಕಥೆಯನ್ನು ಲೆನ್ಸಿನ ಕಡೆಯಿಂದ ಹೇಳುವುದು ವಾಡಿಕೆ. ಹಿಂಬದಿಯಿಂದ, ಅಂದರೆ ನೋಡುವ ಕಿಂಡಿಯ ಕಡೆಯಿಂದಲೂ ಅದನ್ನು ಹೇಳಬಹುದು. ಪುಟ್ಟ ಮಿರರ್‌ಲೆಸ್ ಕ್ಯಾಮೆರಾಗಳ ನೆತ್ತಿಗೆ ಬೇಕಾದಾಗ ಸಿಕ್ಕಿಸಿ, ಬೇಡವಾದಾಗ ತೆಗೆದು ಜೇಬಿಗೆ ಹಾಕಿಕೊಳ್ಳುವ ಎಲೆಕ್ಟ್ರಾನಿಕ್ ವ್ಯೂಫೈಂಡರ್ ಆ ಕಥೆಯ ಒಂದು ಸಣ್ಣ ಅಧ್ಯಾಯ. ಸಣ್ಣದಾದರೂ ಅದರೊಳಗೆ ಹಳೆಯ ಮೂರು ಕಾಲಗಳು ಬಂದು ಕೂತಿವೆ ಎಂಬುದೇ ಸೋಜಿಗ.

ವ್ಯೂಫೈಂಡರ್ ಎಂಬ ಉದ್ದ ಹೆಸರಿನ ಬದಲು ನಾನು ಕಿಂಡಿ ಎಂದೇ ಕರೆಯುತ್ತೇನೆ. ಉಡುಪಿಯ ಕನಕನ ಕಿಂಡಿಯನ್ನು ಬಲ್ಲ ನಮಗೆ ಆ ಪದದ ಅರ್ಥ ಬಿಡಿಸಿ ಹೇಳಬೇಕಿಲ್ಲ.

ಮೊದಲು ಕನ್ನಡಿಯ ವಿಷಯ. ಎಸ್‌ಎಲ್‌ಆರ್ ಎಂದು ನಾವೆಲ್ಲ ಕರೆಯುವ ಕ್ಯಾಮೆರಾದಲ್ಲಿ ಲೆನ್ಸಿನ ಹಿಂದೆ ಓರೆಯಾಗಿ ಒಂದು ಕನ್ನಡಿ ಇರುತ್ತದೆ. ಒಳಬಂದ ಬೆಳಕನ್ನು ಅದು ಮೇಲಕ್ಕೆ ತಿರುಗಿಸುತ್ತದೆ, ಮೇಲಿನ ಪೆಂಟಾಪ್ರಿಸಂ ಎಂಬ ಗಾಜು ಆ ಬಿಂಬವನ್ನು ನೆಟ್ಟಗೆ ಮಾಡಿ ಕಣ್ಣಿಗೆ ಕೊಡುತ್ತದೆ. ಗುಂಡಿ ಒತ್ತಿದಾಗ ಕನ್ನಡಿ ಮೇಲೇಳುತ್ತದೆ, ಆ ಒಂದು ಗಳಿಗೆ ಕಿಂಡಿ ಕತ್ತಲಾಗುತ್ತದೆ. 1959ರ ನಿಕಾನ್ ಎಫ್‌ನಿಂದ ಮುಂದಿನ ಅರ್ಧ ಶತಮಾನ ಪತ್ರಿಕಾ ಛಾಯಾಗ್ರಾಹಕರ ಬದುಕು ನಡೆದದ್ದು ಬಹುಮಟ್ಟಿಗೆ ಇದರಲ್ಲೇ. ಆದರೆ ಕನ್ನಡಿ ಏಳಲು ಜಾಗ ಬೇಕು, ಗಾಜಿಗೆ ತೂಕವಿದೆ. ಡಿಜಿಟಲ್ ಸೆನ್ಸರ್ ತಾನೇ ಸದಾ ನೋಡುತ್ತಿರಬಲ್ಲದು ಎಂದಾದ ಮೇಲೆ ಕನ್ನಡಿಯನ್ನೇಕೆ ಹೊರಬೇಕು? 2008ರಲ್ಲಿ ಒಲಿಂಪಸ್ ಮತ್ತು ಪ್ಯಾನಸಾನಿಕ್ ಸೇರಿ ಮೈಕ್ರೊ ಫೋರ್ ಥರ್ಡ್ಸ್ ಎಂಬ ಏರ್ಪಾಡು ಮಾಡಿದವು. ಕನ್ನಡಿ ಹೋಯಿತು, ಲೆನ್ಸಿಗೂ ಸೆನ್ಸರಿಗೂ ನಡುವಿನ ಅಂತರ ಸುಮಾರು ಅರ್ಧಕ್ಕಿಳಿಯಿತು. ಪ್ಯಾನಸಾನಿಕ್ ತನ್ನ ಜಿ1ರಲ್ಲಿ ಎಲೆಕ್ಟ್ರಾನಿಕ್ ಕಿಂಡಿಯನ್ನು ಒಡಲಲ್ಲೇ ಇಟ್ಟಿತು. ಒಲಿಂಪಸ್ ಇನ್ನೊಂದು ದಾರಿ ಹಿಡಿಯಿತು.

1959ರಲ್ಲೇ ಒಲಿಂಪಸ್ 'ಪೆನ್' ಎಂಬ ಪುಟ್ಟ ಕ್ಯಾಮೆರಾ ತಂದಿತ್ತು. ಒಂದು ಫ್ರೇಮಿನ ಜಾಗದಲ್ಲಿ ಎರಡು ಚಿತ್ರ, 36ರ ರೋಲಿನಲ್ಲಿ 72 ಫೋಟೊ. ಮಧ್ಯಮ ವರ್ಗದ ಲೆಕ್ಕಾಚಾರಕ್ಕೆ ಹೇಳಿ ಮಾಡಿಸಿದ್ದು. ಅದನ್ನು ರೂಪಿಸಿದವರು ಯೋಶಿಹಿಸಾ ಮೈತಾನಿ. ಐವತ್ತು ವರ್ಷಗಳ ನಂತರ, 2009ರ ಜೂನ್‌ನಲ್ಲಿ, ಅದೇ ಹೆಸರಿನಲ್ಲಿ ಇ-ಪಿ1 ಎಂಬ ಡಿಜಿಟಲ್ ಪೆನ್ ಬಂತು. ಮೈತಾನಿ ಮರುತಿಂಗಳೇ ತೀರಿಕೊಂಡರು. ಹಳೆಯ ಪೆನ್‌ನಲ್ಲಿದ್ದ ಕಣ್ಣಿನ ಕಿಂಡಿ ಹೊಸದರಲ್ಲಿ ಇರಲಿಲ್ಲ. ನೋಡುವುದಕ್ಕೆ ಹಿಂಬದಿಯ ಪರದೆ ಮಾತ್ರ. ಬೇಕಿದ್ದವರಿಗೆ ವಿಎಫ್-1 ಎಂಬ ಬರೀ ಗಾಜಿನ ಕಿಂಡಿಯನ್ನು ಪ್ರತ್ಯೇಕವಾಗಿ ಕೊಟ್ಟರು. ಅದು 17 ಮಿಲಿಮೀಟರ್ ಲೆನ್ಸ್ ಒಂದಕ್ಕೇ ಹೊಂದುವಂಥದ್ದು.

ಪರದೆ ಸಾಲದೇ ಎಂದು ಕೇಳಬಹುದು. ಜಪಾನಿನ ಕೋಣೆಯೊಳಗೆ ಸಾಕು. ನಮ್ಮ ಚೈತ್ರ ವೈಶಾಖದ ಮಧ್ಯಾಹ್ನ ತೇರು ಎಳೆಯುವ ಬಯಲಲ್ಲಿ ನಿಂತು ನೋಡಿ. ಪರದೆಯಲ್ಲಿ ತೇರು ಕಾಣುವುದಿಲ್ಲ, ನಿಮ್ಮ ಮುಖವೇ ಕಾಣುತ್ತದೆ. ನಮ್ಮ ಕಚೇರಿಗೆ ಬಂದುಹೋಗುವ ಹಿರಿಯ ಛಾಯಾಗ್ರಾಹಕರೊಬ್ಬರಿದ್ದಾರೆ. ಮಗ ಕೊಡಿಸಿದ ಪುಟ್ಟ ಕ್ಯಾಮೆರಾವನ್ನು ಆರು ತಿಂಗಳು ಬೀರುವಿನಲ್ಲೇ ಇಟ್ಟಿದ್ದರು. "ಯಾಕೆ ಸಾರ್?" ಎಂದರೆ, "ಇದು ಕ್ಯಾಮೆರಾ ಅಲ್ಲಪ್ಪಾ, ಕ್ಷೌರದ ಕನ್ನಡಿ" ಎಂದರು. ಅವರ ಕಷ್ಟ ಬಿಸಿಲೊಂದೇ ಆಗಿರಲಿಲ್ಲ. ನಲವತ್ತೈದು ದಾಟಿದ ಕಣ್ಣಿಗೆ ಹತ್ತಿರದ್ದು ಮಸುಕು. ಪರದೆ ಓದಬೇಕಾದರೆ ಚಾಳೀಸು ಹಾಕಬೇಕು, ಹಾಕಿದರೆ ಎದುರಿನ ಜನ ಮಸುಕು. ಹಾಕಿ, ತೆಗೆದು, ಹಾಕುವಷ್ಟರಲ್ಲಿ ಚಿತ್ರ ನಡೆದುಹೋಗಿರುತ್ತದೆ. ನಲವತ್ತು ವರ್ಷ ಇದನ್ನೇ ಕಸುಬು ಮಾಡಿಕೊಂಡವರು ಒಂದು ಕಿಂಡಿ ಇಲ್ಲದ್ದಕ್ಕೆ ಕೈಕಟ್ಟಿ ಕೂರುವುದೆಂದರೆ ಸಣ್ಣ ಮಾತಲ್ಲ. ಈ ಬಿಡಿಭಾಗವನ್ನು ಶೋಕಿಯ ವಸ್ತು ಎಂದು ಹಗುರವಾಗಿ ತೆಗೆದುಹಾಕುವವರಿಗೆ ನಾನು ಅವರ ಉದಾಹರಣೆಯನ್ನೇ ಕೊಡುತ್ತೇನೆ.

ದೂರುಗಳು ಒಲಿಂಪಸ್‌ಗೂ ತಲುಪಿರಬೇಕು. ಐದೇ ತಿಂಗಳಲ್ಲಿ, 2009ರ ನವೆಂಬರ್‌ನಲ್ಲಿ, ಇ-ಪಿ2 ಬಂತು. ಮೇಲ್ನೋಟಕ್ಕೆ ಅದೇ ಕ್ಯಾಮೆರಾ. ಆದರೆ ಫ್ಲ್ಯಾಷ್ ಕೂರಿಸುವ ಜಾಗದ ಕೆಳಗೆ ಒಂದು ಪುಟ್ಟ ವಿದ್ಯುತ್ ಸಂಪರ್ಕ. ಅದಕ್ಕೆ ಜೋಡಿಸುವ ವಿಎಫ್-2 ಎಂಬ ಎಲೆಕ್ಟ್ರಾನಿಕ್ ಕಿಂಡಿಯೂ ಜೊತೆಗೇ ಬಂತು. ಜೂನ್‌ನಲ್ಲಿ ಇ-ಪಿ1 ಕೊಂಡವರಿಗೆ ಮಾತ್ರ ಅದು ಕೈಗೆಟುಕದ ದ್ರಾಕ್ಷಿ. ಅವರ ಕ್ಯಾಮೆರಾದಲ್ಲಿ ಆ ಸಂಪರ್ಕವೇ ಇರಲಿಲ್ಲ.

ಈ ಕಿಂಡಿ ಕೂರುವ ಜಾಗಕ್ಕೆ ಇಂಗ್ಲಿಷಿನಲ್ಲಿ 'ಶೂ' ಎನ್ನುತ್ತಾರೆ. ಬೂಟನ್ನು ತಲೆಯ ಮೇಲೆ ಹೊತ್ತ ಯಂತ್ರ ಇದೊಂದೇ ಇರಬೇಕು! ಅದರ ಹಿನ್ನೆಲೆ ದೊಡ್ಡದು. 1925ರಲ್ಲಿ ಜರ್ಮನಿಯ ಲೈಕಾ ಮಾರುಕಟ್ಟೆಗೆ ಬಂದಾಗಲೇ ಅದರ ನೆತ್ತಿಯ ಮೇಲೆ ಇಂಥದೊಂದು ಹಿಡಿಕೆ ಇತ್ತು. ದೂರ ಅಳೆಯುವ ಸಾಧನವನ್ನು ಅದರಲ್ಲಿ ಸಿಕ್ಕಿಸುತ್ತಿದ್ದರು. 1932ರ ಲೈಕಾದಲ್ಲಿ ಆ ಸಾಧನ ಒಡಲೊಳಗೆ ಸೇರಿತು. ಆದರೂ ಹಿಡಿಕೆ ಉಳಿಯಿತು, ಏಕೆಂದರೆ ಬೇರೆ ಬೇರೆ ಲೆನ್ಸಿಗೆ ಬೇರೆ ಬೇರೆ ಕಿಂಡಿ ಬೇಕಾಗುತ್ತಿತ್ತು. ಆ ಗಾಜಿನ ಕಿಂಡಿಗಳು ಸ್ವಚ್ಛವಾಗಿದ್ದವು. ಆದರೆ ಲೆನ್ಸ್ ನೋಡುವುದು ಒಂದು ಕಡೆಯಿಂದ, ಕಣ್ಣು ನೋಡುವುದು ಎರಡು ಬೆರಳು ಮೇಲಿನಿಂದ. ದೂರದ ಗೋಪುರಕ್ಕೆ ಈ ವ್ಯತ್ಯಾಸ ಲೆಕ್ಕಕ್ಕಿಲ್ಲ. ಹತ್ತಿರದ ಮಗುವಿಗೆ ಬಂದಾಗ ತಲೆ ಕತ್ತರಿಸಿಹೋಗುತ್ತದೆ. ನಿಮ್ಮ ಮನೆಯ ಹಳೆಯ ಆಲ್ಬಮ್‌ಗಳಲ್ಲಿ ಹಣೆಯಿಲ್ಲದ ನೆಂಟರು ಯಾರಾದರೂ ಇದ್ದರೆ, ತಪ್ಪು ತೆಗೆದವರದ್ದೇ ಎಂದು ತೀರ್ಮಾನಿಸಬೇಡಿ.

ಎಲೆಕ್ಟ್ರಾನಿಕ್ ಕಿಂಡಿ ಈ ತೊಡಕನ್ನು ಒಂದೇ ಏಟಿಗೆ ಬಗೆಹರಿಸುತ್ತದೆ. ಅದು ತಾನಾಗಿ ಏನನ್ನೂ ನೋಡುವುದಿಲ್ಲ. ಲೆನ್ಸಿನ ಮೂಲಕ ಸೆನ್ಸರ್ ಕಂಡದ್ದು ತಂತಿಯ ಹಾದಿಯಲ್ಲಿ ಬಂದು, ಉಗುರಿನಷ್ಟು ಪುಟ್ಟ ಪರದೆಯ ಮೇಲೆ ಮೂಡುತ್ತದೆ. ಅದನ್ನು ಒಂದು ಭೂತಗಾಜು ದೊಡ್ಡದು ಮಾಡಿ ತೋರಿಸುತ್ತದೆ. ಟೆಲಿವಿಷನ್ ಕ್ಯಾಮೆರಾದವರಿಗೂ ಮದುವೆ ಮನೆಯ ವಿಡಿಯೊದವರಿಗೂ ಇದು ಹೊಸತಲ್ಲ. ಅವರ ಕಪ್ಪು ಬಿಳುಪು ಕಿಂಡಿಗಳ ಮೊಮ್ಮಗ ಇದು.

ಅಂಗಡಿಯವರು ಹೇಳುವ ಅಂಕಿಗಳ ಬಗ್ಗೆ ಸ್ವಲ್ಪ ಎಚ್ಚರ ಬೇಕು. ವಿಎಫ್-2ಕ್ಕೆ 14 ಲಕ್ಷ 40 ಸಾವಿರ ಚುಕ್ಕೆಗಳು ಎಂದಿತ್ತು. ಕೆಂಪು, ಹಸಿರು, ನೀಲಿ ಮೂರನ್ನೂ ಬೇರೆ ಬೇರೆ ಎಣಿಸಿದ ಲೆಕ್ಕ ಅದು. ಪರದೆಯ ಅಳತೆ 800 ಗುಣಿಸು 600, ಅಂದರೆ ನಿಜವಾದ ಬಿಂದುಗಳು 4 ಲಕ್ಷ 80 ಸಾವಿರ. ಹಾಗೆಂದು ಅದು ಮೋಸವಲ್ಲ, ಎಲ್ಲರೂ ಹಾಗೇ ಎಣಿಸುತ್ತಾರೆ. ಅದೇ ವರ್ಷ ಪ್ಯಾನಸಾನಿಕ್ ತನ್ನ ಜಿಎಫ್1ಕ್ಕೆ ಕೊಟ್ಟ ಕಿಂಡಿಯಲ್ಲಿ ಇದೇ ಲೆಕ್ಕದಲ್ಲಿ ಬರೀ 2 ಲಕ್ಷ 2 ಸಾವಿರ ಚುಕ್ಕೆ ಇದ್ದವು ಎಂದರೆ ಒಲಿಂಪಸ್ ಎಷ್ಟು ಮುಂದಿತ್ತು ಎಂದು ತಿಳಿಯುತ್ತದೆ. ಗಾತ್ರದ ಅಂಕಿಯಲ್ಲಿ ಚಮತ್ಕಾರ ಇನ್ನೂ ಹೆಚ್ಚು. ವಿಎಫ್-2 ದೃಶ್ಯವನ್ನು 1.15 ಪಟ್ಟು ತೋರಿಸುತ್ತದೆ ಎಂದು ಬರೆದಿರುತ್ತದೆ. ಅದನ್ನು ಅಳೆಯುವುದು 50 ಮಿಲಿಮೀಟರ್ ಲೆನ್ಸ್ ಹಾಕಿ. ಈ ಪುಟ್ಟ ಸೆನ್ಸರ್ ಮೇಲೆ ಆ ಲೆನ್ಸ್ 100 ಮಿಲಿಮೀಟರಿನ ದೂರದೃಷ್ಟಿಯ ಲೆನ್ಸಿನಂತೆ ವರ್ತಿಸುತ್ತದೆ. ಆದ್ದರಿಂದ ಹಳೆಯ ಫಿಲಂ ಕ್ಯಾಮೆರಾದೊಂದಿಗೆ ಹೋಲಿಸಬೇಕಾದರೆ ಅಂಕಿಯನ್ನು ಅರ್ಧ ಮಾಡಬೇಕು, ಸುಮಾರು 0.58. 2013ರ ವಿಎಫ್-4ರಲ್ಲಿ ಇದು 1.48, ಅರ್ಧ ಮಾಡಿದರೆ 0.74. ಚುಕ್ಕೆಗಳೂ 23 ಲಕ್ಷ 60 ಸಾವಿರಕ್ಕೇರಿದವು. ಸೋನಿ ತನ್ನ ನೆಕ್ಸ್-5ಎನ್‌ಗೆ ಅಷ್ಟೇ ಚುಕ್ಕೆಗಳ ಸೊಗಸಾದ ಓಎಲ್ಇಡಿ ಕಿಂಡಿಯನ್ನು 2011ರಲ್ಲೇ ಕೊಟ್ಟಿತ್ತು.

ಅಂಕಿಗಳನ್ನು ಬದಿಗಿಟ್ಟು ಬಳಸುವವರ ಕಡೆಗೆ ಬರೋಣ. ಕಿಂಡಿ ಸಿಕ್ಕಿಸಿದ ಕೂಡಲೇ ಮಾಡಬೇಕಾದ ಮೊದಲ ಕೆಲಸ ಡಯಾಪ್ಟರ್ ಸರಿಪಡಿಸುವುದು. ಕಣ್ಣಿಡುವ ಗಾಜಿನ ಬಳಿ ತಿರುಗಿಸುವ ಏರ್ಪಾಡು ಇರುತ್ತದೆ. ಎದುರಿನ ದೃಶ್ಯ ನೋಡಬೇಡಿ, ಅಂಚಿನಲ್ಲಿ ಮೂಡುವ ಅಂಕೆ ಅಕ್ಷರಗಳು ಚೂಪಾಗುವವರೆಗೆ ತಿರುಗಿಸಿ. ಆಗ ಚಾಳೀಸು ಬೇಕಿಲ್ಲ. ನಾನು ಹೇಳಿದ ಹಿರಿಯರು ಬೀರುವಿನಿಂದ ಕ್ಯಾಮೆರಾ ಹೊರತೆಗೆದದ್ದು ಈ ಒಂದು ತಿರುಪಿನಿಂದ. ಇನ್ನು ಹಿಡಿತ. ಚಾಚಿದ ಕೈ ನಡುಗುತ್ತದೆ. ಮೊಣಕೈ ಎದೆಗೆ ತಾಗಿ, ಕ್ಯಾಮೆರಾ ಹುಬ್ಬಿಗೆ ಒತ್ತಿದರೆ ಮೂರು ಕಾಲಿನ ಮಣೆಯಂತೆ ನಿಲ್ಲುತ್ತದೆ. ಸಂಜೆಯ ಮಂದ ಬೆಳಕಿನಲ್ಲಿ ಇದರ ಬೆಲೆ ಗೊತ್ತಾಗುತ್ತದೆ.

ಕಪ್ಪು ಬಿಳುಪಿನಲ್ಲಿ ತೆಗೆಯಬೇಕೆಂದಿದ್ದರೆ ಕ್ಯಾಮೆರಾವನ್ನು ಹಾಗೆ ಹೊಂದಿಸಿ ಕಿಂಡಿಗೆ ಕಣ್ಣಿಡಿ. ಎದುರಿನ ಸಂತೆಯೇ ಕಪ್ಪು ಬಿಳುಪಾಗಿ ಕಾಣುತ್ತದೆ! ಕೆಂಪು ಸೀರೆ, ಹಸಿರು ಬಾಳೆಲೆ ಎರಡೂ ಒಂದೇ ಬೂದಿ ಬಣ್ಣವಾಗುವುದನ್ನು ಹಳಬರು ವರ್ಷಗಟ್ಟಲೆ ಪಳಗಿ ಊಹಿಸುತ್ತಿದ್ದರು. ಇಲ್ಲಿ ಕಣ್ಣೆದುರೇ ಇದೆ. ಬೆಳಕು ಹೆಚ್ಚಾಯಿತೋ ಕಡಿಮೆಯಾಯಿತೋ ಎಂಬುದೂ ಗುಂಡಿ ಒತ್ತುವ ಮೊದಲೇ ತಿಳಿಯುತ್ತದೆ. ಅಜ್ಜನ ಕಾಲದ ಲೆನ್ಸನ್ನು ಅಡಾಪ್ಟರ್ ಹಾಕಿ ಜೋಡಿಸಿದವರು ದೃಶ್ಯದ ಒಂದು ತುಣುಕನ್ನು ಹಲವು ಪಟ್ಟು ದೊಡ್ಡದು ಮಾಡಿ, ಕೈಯಿಂದಲೇ ಫೋಕಸ್ ಕೂಡಿಸಬಹುದು. ಪ್ರಾಮಾಣಿಕವಾಗಿ ಹೇಳುವುದಾದರೆ ಗಾಜಿನ ಕಿಂಡಿಯ ಜೀವಂತಿಕೆ ಇದರಲ್ಲಿಲ್ಲ. ಕತ್ತಲಲ್ಲಿ ಚಿತ್ರ ಕಾಳುಕಾಳಾಗುತ್ತದೆ, ಓಡುವ ಎತ್ತು ಕೂದಲೆಳೆಯಷ್ಟು ತಡವಾಗಿ ಕಾಣುತ್ತದೆ, ಬ್ಯಾಟರಿಯೂ ಬೇಗ ಮುಗಿಯುತ್ತದೆ.

ನನಗೆ ಇದರಲ್ಲಿ ಅತ್ಯಂತ ಮೆಚ್ಚುಗೆಯಾದ ಗುಣ ಬೇರೆ. ವಿಎಫ್-2 ಮತ್ತು ಅದರ ಹಲವು ಬಂಧುಗಳು 90 ಡಿಗ್ರಿ ಮೇಲಕ್ಕೆ ಮಡಚಿಕೊಳ್ಳುತ್ತವೆ. ಆಗ ಬಾವಿಗೆ ಬಗ್ಗಿ ನೋಡುವಂತೆ ಮೇಲಿನಿಂದ ನೋಡಬೇಕು. ಇದು 1929ರಲ್ಲಿ ಬಂದ ರೋಲಿಫ್ಲೆಕ್ಸ್‌ನ ಭಂಗಿ. ಭಾರತದ ಮೊದಲ ಪತ್ರಿಕಾ ಛಾಯಾಗ್ರಾಹಕಿ ಎಂದು ಹೆಸರಾದ ಹೋಮೈ ವ್ಯಾರಾವಾಲಾ ನೆಹರೂ ಕಾಲದ ದೆಹಲಿಯಲ್ಲಿ ಬಳಸುತ್ತಿದ್ದ ಕ್ಯಾಮೆರಾಗಳಲ್ಲಿ ರೋಲಿಫ್ಲೆಕ್ಸ್ ಒಂದು. ಕಣ್ಣಿಗೆ ಕ್ಯಾಮೆರಾ ಹಿಡಿದವನು ಎದುರಿನವರಿಗೆ ಗುರಿ ಇಟ್ಟವನಂತೆ ಕಾಣುತ್ತಾನೆ. ಫೋನು ಚಾಚಿದವನು ಅಡ್ಡ ಗೋಡೆ ಎಬ್ಬಿಸಿದಂತೆ. ತಲೆ ಬಾಗಿಸಿ ನಿಂತವನ ಮುಂದೆ ಮಾತ್ರ ಜನ ತಮ್ಮ ಪಾಡಿಗೆ ತಾವಿರುತ್ತಾರೆ. ಕುಳಿತು ಬೀಡಿ ಕಟ್ಟುವವರನ್ನು, ಆಡುವ ಮಕ್ಕಳನ್ನು ಅವರ ಎತ್ತರದಲ್ಲೇ ನೋಡಬಹುದು, ಮೊಣಕಾಲೂರಬೇಕಿಲ್ಲ. ಹಾಗೆಂದು ಕದ್ದು ತೆಗೆಯಲು ಇದು ಒಳ್ಳೆಯ ಉಪಾಯ ಎಂದು ಯಾರೂ ಭಾವಿಸಬಾರದು. ಕೇಳಿ ತೆಗೆಯುವಾಗಲೂ ಎದುರಿನವರ ಬಿಗಿ ಸಡಿಲವಾಗುತ್ತದೆ ಎಂಬುದಷ್ಟೇ ನನ್ನ ಮಾತು.

ಬಿಡಿಭಾಗ ಎಂದ ಮೇಲೆ ಬಿಡಿಭಾಗದ ಕಷ್ಟಗಳೂ ಇವೆ. ಕಿಂಡಿ ಕೂತ ಜಾಗದಲ್ಲಿ ಫ್ಲ್ಯಾಷ್ ಕೂರದು. ಇ-ಪಿ2ರಲ್ಲಿ ಒಳಗೂ ಫ್ಲ್ಯಾಷ್ ಇರಲಿಲ್ಲವಾದ್ದರಿಂದ ಬೆಳಕು ಬೇಕೋ ನೋಟ ಬೇಕೋ ಎಂದು ಆರಿಸಿಕೊಳ್ಳಬೇಕಿತ್ತು. ಮದುವೆ ಮಂಟಪದಲ್ಲಿ ಇದು ನಡೆಯುವ ಮಾತಲ್ಲ. ವಿಎಫ್-2ಕ್ಕೆ ಬೀಗದ ಗುಂಡಿ ಇಲ್ಲದೆ, ಚೀಲಕ್ಕೆ ತುರುಕುವಾಗ ಜಾರಿಬಿದ್ದು ಕಳೆದುಹೋಗುವ ಭಯವಿತ್ತು. 2011ರ ವಿಎಫ್-3ರಲ್ಲಿ ಬೀಗ ಬಂತು, ಆದರೆ ಚುಕ್ಕೆಗಳು 9 ಲಕ್ಷ 20 ಸಾವಿರಕ್ಕೆ ಇಳಿದವು.

ಇದಕ್ಕಿಂತ ದೊಡ್ಡ ಕಷ್ಟ, ಒಬ್ಬರ ಕಿಂಡಿ ಇನ್ನೊಬ್ಬರ ಕ್ಯಾಮೆರಾಕ್ಕೆ ಆಗದಿರುವುದು. ಲೈಕಾ ಕಾಲದ ಗಾಜಿನ ಕಿಂಡಿಯನ್ನು ಇಂದಿನ ಯಾವ ಕ್ಯಾಮೆರಾದ ನೆತ್ತಿಗಾದರೂ ಹೆಚ್ಚುಕಡಿಮೆ ಸಿಕ್ಕಿಸಬಹುದು. ಎಲೆಕ್ಟ್ರಾನಿಕ್ ಕಿಂಡಿಗೆ ತನ್ನದೇ ಸಂಪರ್ಕ ಬೇಕು. ಪ್ಯಾನಸಾನಿಕ್ ಜಿಎಫ್1ರ ಕಿಂಡಿ ಅದೇ ಕಂಪನಿಯ 2011ರ ಜಿಎಕ್ಸ್1ಕ್ಕೆ ಹೊಂದಲಿಲ್ಲ. ಹೊಂದಿಕೊಂಡ ಅಪರೂಪದ ಪ್ರಸಂಗವೂ ಒಂದಿದೆ. ನೆತ್ತಿಯ ಹಿಡಿಕೆಯನ್ನು ರೂಢಿಗೆ ತಂದ ಲೈಕಾವೇ 2012ರಲ್ಲಿ ತನ್ನ ಎಕ್ಸ್2 ಹಾಗೂ ಹೊಸ ಎಂ ಕ್ಯಾಮೆರಾಗಳಿಗೆ ಒಲಿಂಪಸ್‌ನ ವಿಎಫ್-2ನ್ನೇ ತನ್ನ ಹೆಸರು ಬರೆದು ಮಾರಿತು. ಜರ್ಮನಿಯಿಂದ ಹೊರಟ ಕಿಂಡಿ ಜಪಾನಿನಿಂದ ತವರಿಗೆ ಬಂದಂತಾಯಿತು.

ಒಲಿಂಪಸ್ 2016ರ ಪೆನ್-ಎಫ್‌ನಲ್ಲಿ ಕಿಂಡಿಯನ್ನು ಒಡಲೊಳಗೇ ಸೇರಿಸಿತು. 2021ರ ಜನವರಿಯಲ್ಲಿ ಅದರ ಕ್ಯಾಮೆರಾ ವಿಭಾಗ ಬೇರೆಯವರ ಕೈಗೆ ಹೋಯಿತು. ಅದೇ ವರ್ಷ ಬಂದ ಇ-ಪಿ7ರಲ್ಲಿ ಕಿಂಡಿಯೂ ಇಲ್ಲ, ಸಿಕ್ಕಿಸಲು ಸಂಪರ್ಕವೂ ಇಲ್ಲ. ಅತ್ತ ಸಿಗ್ಮಾ ಕಂಪನಿ 2021ರಲ್ಲಿ ತನ್ನ ಎಫ್‌ಪಿ ಕ್ಯಾಮೆರಾಗಳ ಪಕ್ಕಕ್ಕೆ ಜೋಡಿಸುವ, ಲೈಕಾ 2022ರಲ್ಲಿ ಎಂ11ರ ನೆತ್ತಿಗೆ ಕೂರುವ ಹೊಸ ಕಿಂಡಿಗಳನ್ನು ತಂದವು. ಎರಡರಲ್ಲೂ 36 ಲಕ್ಷ 80 ಸಾವಿರ ಚುಕ್ಕೆ. ಅವುಗಳ ಬೆಲೆ ಕೇಳಿದರೆ ಮಾತ್ರ ನಮ್ಮಂಥವರಿಗೆ ಪರದೆಯೇ ವಾಸಿ ಎನಿಸೀತು.

ಹಳೆಯ ಪೆನ್ ಕ್ಯಾಮೆರಾಗಳೂ ಅವುಗಳ ಕಿಂಡಿಗಳೂ ಸೆಕೆಂಡ್ ಹ್ಯಾಂಡ್ ಆಗಿ ಈಗಲೂ ಸಿಗುತ್ತವೆ. ಕೊಳ್ಳುವವರು ನಿಮ್ಮ ಕ್ಯಾಮೆರಾವನ್ನು ಜೊತೆಗೇ ಒಯ್ದು, ಸಿಕ್ಕಿಸಿ, ಚಿತ್ರ ಮೂಡಿದ ಮೇಲೆಯೇ ದುಡ್ಡು ಕೊಡಿ. ಸಂಪರ್ಕದ ಹಲ್ಲುಗಳು ಬಾಗಿವೆಯೇ, ಕಿಲುಬು ಹಿಡಿದಿವೆಯೇ ನೋಡಿ. ಪರದೆಯ ಮೇಲೆ ಕಂದು ಕಲೆಯೋ ಗೆರೆಯೋ ಇದ್ದರೆ ಬಿಟ್ಟುಬಿಡಿ. ಕಿಂಡಿಯ ಭೂತಗಾಜನ್ನು ಬಿಸಿಲಿಗೆ ಮುಖಮಾಡಿ ಇಟ್ಟಾಗ, ಚಿಕ್ಕಂದಿನಲ್ಲಿ ನಾವು ಕಾಗದ ಸುಟ್ಟಂತೆ, ಸೂರ್ಯನ ಕಿರಣ ಒಳಗಿನ ಪರದೆಯನ್ನು ಸುಟ್ಟ ಗುರುತು ಅದಾಗಿರಬಹುದು. ಕೊಂಡ ಮೇಲೆ ನೀವೂ ಅದನ್ನು ಕಾರಿನ ಗಾಜಿನ ಹಿಂದೆ, ಜಗಲಿಯ ಕಟ್ಟೆಯ ಮೇಲೆ ಹಾಗೇ ಬಿಡದೆ ಚೀಲದೊಳಗೆ ಇಡಿ.