ಮೀನಿನ ಮೇವಿಗೆ ಬೆಳ್ಳುಳ್ಳಿ, ಅರಿಶಿನ: ಸಂಘ ಏನು ಮಾಡಬೇಕು?

(ರಜತ ಮಹೋತ್ಸವದ ರೈತಗೋಷ್ಠಿಯಲ್ಲಿ ಸಂಘದ ನಿರ್ದೇಶಕರೊಬ್ಬರು ಆಡಿದ ಮಾತುಗಳು)



ಗೊಬ್ಬರ, ಬಿತ್ತನೆ ಬೀಜಕ್ಕೆಂದು ಕಟ್ಟಿದ ನಮ್ಮ ಸಂಘದಲ್ಲಿ ಈಗ ಕೆರೆ, ಕೃಷಿ ಹೊಂಡಗಳಲ್ಲಿ ಮೀನು ಸಾಕುವವರೂ ಇದ್ದೇವೆ. ಕಳೆದ ಆಡಳಿತ ಮಂಡಳಿ ಸಭೆಗೆ ಒಂದು ಬೇಡಿಕೆ ಬಂತು. ಊರೂರು ತಿರುಗುವ ಏಜೆಂಟರು ಗಿಡಮೂಲಿಕೆ ಟಾನಿಕ್ ಅಂತ ಡಬ್ಬಿ ತೋರಿಸಿ, ಮೇವಿಗೆ ಬೆರೆಸಿದರೆ ಮೀನು ಬೇಗ ತೂಕ ಬರುತ್ತೆ ಅಂತಾರೆ. ಅದನ್ನು ಸಂಘವೇ ಸಗಟಾಗಿ ತರಿಸಿ ಸಾಲದ ಲೆಕ್ಕದಲ್ಲಿ ಕೊಡಬೇಕಂತೆ. ಷೇರು ಹಣ ನಮ್ಮೆಲ್ಲರದು. ಆದ್ದರಿಂದ ಇಲ್ಲೇ ನಾಲ್ಕು ಮಾತು ಆಡಿಬಿಡೋಣ.

ಗಿಡಮೂಲಿಕೆ ಅನ್ನೋದು ಬರೀ ಬೂಟಾಟಿಕೆ ಅಲ್ಲ. ಮೊದಲು ಬೆಳವಣಿಗೆಗೆಂದು ಪ್ರಾಣಿಗಳ ಆಹಾರಕ್ಕೆ ಆಂಟಿಬಯಾಟಿಕ್ ಬೆರೆಸುತ್ತಿದ್ದರು. ಯುರೋಪಿನ ದೇಶಗಳು 2006ರ ಜನವರಿ 1ರಿಂದ ಅದನ್ನು ಪೂರ್ತಿ ನಿಲ್ಲಿಸಿದವು. ಬದಲಿಗೆ ಏನು ಅಂತ ಹುಡುಕಿದಾಗ ನಮ್ಮ ಅಡುಗೆಮನೆಯ ಬೆಳ್ಳುಳ್ಳಿ, ಅರಿಶಿನ, ಶುಂಠಿ, ಮೆಂತ್ಯದ ಕಡೆಗೆ ಕಣ್ಣು ಬಿತ್ತು. ನಮ್ಮದೇ ರೋಹು ಮರಿಗಳಿಗೆ ಕೆ.ಜಿ. ಮೇವಿಗೆ 1, 5, 10 ಗ್ರಾಂ ಬೆಳ್ಳುಳ್ಳಿ ಬೆರೆಸಿ 60 ದಿನ ಕೊಟ್ಟು ನೋಡಿದ್ದಾರೆ. ಆಮೇಲೆ ಏರೋಮೊನಾಸ್ ಎಂಬ ರೋಗಾಣು ಚುಚ್ಚಿದರು. ಮೈಮೇಲೆ ಕೆಂಪು ಹುಣ್ಣು, ಹೊಟ್ಟೆ ಉಬ್ಬರ ತರುವುದು ಇದೇ. ಬೆಳ್ಳುಳ್ಳಿ ತಿಂದ ಮರಿಗಳು ಹೆಚ್ಚು ಬದುಕಿದವು. ಅಂದರೆ ಮುಖ್ಯ ಲಾಭ ರೋಗ ತಡೆಯುವ ಶಕ್ತಿಯಲ್ಲಿದೆ. ತೂಕ ಅದರ ಹಿಂದೆ ಬರುತ್ತೆ. ಏಜೆಂಟರು ಇದನ್ನು ತಲೆಕೆಳಗು ಮಾಡಿ ಹೇಳ್ತಾರೆ.

ಗಿಡದ್ದು ಅಂದ ಮಾತ್ರಕ್ಕೆ ನಿರಪಾಯ ಅಂತಲೂ ತಿಳಿಯಬೇಡಿ. ಹಿಪ್ಪೆ ಹಿಂಡಿ ಗಿಡದ್ದೇ ಅಲ್ಲವೇ? ಒಂದು ಎಕರೆ, ಒಂದು ಮೀಟರ್ ಆಳದ ನೀರಿಗೆ ಸುಮಾರು 1,000 ಕೆ.ಜಿ. ಹಾಕಿದರೆ ಬೇಡದ ಮೀನೆಲ್ಲ ಸತ್ತು ತೇಲುತ್ತವೆ. ಬಿತ್ತನೆಗೆ ಮುಂಚೆ ಹೊಂಡ ಹಸನು ಮಾಡಲು ಬಳಸುವುದೇ ಅದಕ್ಕೆ. ಬೇವೂ ಮಿತಿ ಮೀರಿದರೆ ಮೀನಿಗೆ ವಿಷ. ಹಸಿ ಸೋಯಾದಲ್ಲಿ ಜೀರ್ಣಕ್ಕೆ ಅಡ್ಡಿ ಮಾಡುವ ಅಂಶವಿದೆ, ಹುರಿದೋ ಬೇಯಿಸಿಯೋ ಕೊಡಬೇಕು. ಆದ್ದರಿಂದ ಡಬ್ಬಿ ಮೇಲೆ ಯಾವ ಗಿಡ, ಎಷ್ಟು ಪ್ರಮಾಣ ಅಂತ ಬರೆದಿಲ್ಲದಿದ್ದರೆ ಅದು ನಮ್ಮ ಗೋದಾಮಿನ ಬಾಗಿಲು ದಾಟಬಾರದು.

ಇನ್ನು ಲೆಕ್ಕಕ್ಕೆ ಬರೋಣ. ಹೊಂಡದಲ್ಲಿ ಕಾಲು ಕೆ.ಜಿ. ತೂಗುವ 2,000 ಮೀನಿದ್ದರೆ ಒಟ್ಟು 500 ಕೆ.ಜಿ. ಆಯಿತು. ನೂರಕ್ಕೆ ಎರಡರಂತೆ ದಿನಕ್ಕೆ 10 ಕೆ.ಜಿ. ತೌಡು, ಕಡಲೆಕಾಯಿ ಹಿಂಡಿ ಬೇಕು. ಕೆ.ಜಿ.ಗೆ 10 ಗ್ರಾಂ ಹಸಿ ಬೆಳ್ಳುಳ್ಳಿ ಅಂದರೆ ದಿನಕ್ಕೆ 100 ಗ್ರಾಂ, 60 ದಿನಕ್ಕೆ 6 ಕೆ.ಜಿ. ಮೀನು ಬೆಳೆದಂತೆ ಇದೂ ಏರುತ್ತೆ, ಅದು ಬೇರೆ ಮಾತು. 2024ರಲ್ಲಿ ಆದಂತೆ ಬೆಳ್ಳುಳ್ಳಿ ಕೆ.ಜಿ.ಗೆ 300 ರೂಪಾಯಿ ಆದರೆ 1,800 ರೂಪಾಯಿ ಖರ್ಚು. ದಂಡೆ ಮೇಲೆ ಮೀನಿಗೆ 120 ರೂಪಾಯಿ ಸಿಕ್ಕಿತು ಅಂತ ಇಟ್ಟುಕೊಳ್ಳಿ, ಖರ್ಚು ಹುಟ್ಟಲಿಕ್ಕೇ 15 ಕೆ.ಜಿ. ಮೀನು ಹೆಚ್ಚು ಬರಬೇಕು. ಡಬ್ಬಿಗೂ ಇದೇ ಲೆಕ್ಕ ಹಾಕಿ ನೋಡಿ.

ಬೆರೆಸುವ ಕ್ರಮ ಹೆಂಗಸರಿಗೆ ಹೇಳಿಕೊಡಬೇಕಾಗಿಲ್ಲ! ಜಜ್ಜಿ ಹತ್ತು ನಿಮಿಷ ಬಿಟ್ಟು, ಆರಿದ ಗಂಜಿಯಲ್ಲಿ ಕಲಸಿ, ಹಿಂಡಿ-ತೌಡಿನ ಜೊತೆ ಉಂಡೆ ಕಟ್ಟಿ ತಟ್ಟೆಯಲ್ಲಿ ಇಳಿಸಿದರಾಯಿತು. ಕುದಿಯುವ ಗಂಜಿಗೆ ಹಾಕಿದರೆ ಬೆಳ್ಳುಳ್ಳಿಯ ಖಾರ, ಗುಣ ಎರಡೂ ಕುಂದುತ್ತವೆ. ಬಿಡಿಬಿಡಿ ಎರಚಿದರೆ ನೀರಿನಲ್ಲಿ ತೊಳೆದುಹೋಗುತ್ತೆ. ಬೆಳಗಿನ ಜಾವ ಮೀನು ಬಾಯಿ ತೆರೆದು ಮೇಲೆ ಬರುತ್ತಿದ್ದರೆ ನೀರಲ್ಲಿ ಪ್ರಾಣವಾಯು ಕಡಿಮೆ ಅಂತ. ಆವತ್ತು ಯಾವ ಮೇವೂ ಬೇಡ, ಟಾನಿಕ್ ಕೂಡ ಬೇಡ. ಮೊದಲು ಹೊಸ ನೀರು ಬಿಡಿ.

ನಾವು ಮಂಡಳಿಗೆ ಕೊಟ್ಟಿರುವ ಸಲಹೆ ಇಷ್ಟು. ಈ ವರ್ಷ ಡಬ್ಬಿ ಖರೀದಿ ಬೇಡ. ಒಂದೇ ಹೊಂಡದಲ್ಲಿ ಆರು ಬಲೆಪಂಜರ ಕಟ್ಟಿ, ಒಂದೇ ತಂಡದ ಮರಿಗಳನ್ನು ಎಣಿಸಿ ಬಿಡೋಣ. ಮೂರಕ್ಕೆ ಬೆಳ್ಳುಳ್ಳಿ ಮೇವು, ಮೂರಕ್ಕೆ ಬರೀ ಮೇವು. ಹದಿನೈದು ದಿನಕ್ಕೊಮ್ಮೆ ತೂಗಿ, ಸತ್ತವನ್ನೂ ಹಾಕಿದ ಮೇವನ್ನೂ ಪುಸ್ತಕದಲ್ಲಿ ಬರೆಯೋಣ. ಬಲೆ, ತಕ್ಕಡಿ ಸಂಘದ್ದು. ಹೊಂಡ ಕೊಡುವವರು ಮತ್ತು ತೂಕದ ದಿನ ಬರುವವರು ಊಟಕ್ಕೆ ಏಳುವ ಮುಂಚೆ ಕಾರ್ಯದರ್ಶಿಗಳ ಹತ್ತಿರ ಹೆಸರು ಬರೆಸಿ.